ಕೆಂಚನೂ ನಮ್ಮ ವಂಶಾವಳಿಯೂ

ಮನೆತನದ ಚರಿತ್ರೆ ಬರೆಯಬೇಕೆಂಬ ಆಸೆ ಇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ ಶುರು ಮಾಡಬೇಕು? ಇದಕ್ಕೆ ಪೂರ್ತಿ ಉತ್ತರ ನನಗೂ ಗೊತ್ತಿಲ್ಲ. ಎಲ್ಲೆಲ್ಲಿ ಎಡವಿದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ನಾನು ಭರಮಸಾಗರಕ್ಕೆ ಸೊಸೆಯಾಗಿ ಬಂದವಳು, ತವರು ಹೊಸದುರ್ಗದ ಕಡೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ವರ್ಷ ಈ ಹವ್ಯಾಸ ಹಿಡಿಯಿತು. ಅದೇ ವರ್ಷ ಹೆದ್ದಾರಿ ಪಕ್ಕದ ಚರಂಡಿಯಲ್ಲಿ ಕುಂಯ್‌ಗುಡುತ್ತಿದ್ದ ಕೆಂಪು ಬಣ್ಣದ ಮರಿಯೊಂದು ನಮ್ಮ ಮನೆ ಸೇರಿತು. ಅವನೇ ಕೆಂಚ. ಎರಡೂ ಕೆಲಸ ಜೊತೆಜೊತೆಗೇ ಬೆಳೆದವು. ಹಾಗಾಗಿ ಒಂದರ ಪಾಠ ಹೇಳಹೊರಟರೆ ಇನ್ನೊಂದು ನಡುವೆ ನುಗ್ಗುತ್ತದೆ, ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

1. ಓದುವ ಮೊದಲು ಫೋಟೊ ತೆಗೆಯಿರಿ

ಮುಯ್ಯಿ ಪುಸ್ತಕ ಎಂದರೇನೆಂದು ನಮ್ಮ ಕಡೆಯ ಹಿರಿಯರಿಗೆ ಹೇಳಬೇಕಿಲ್ಲ. ಮದುವೆಯ ದಿನ ಚಪ್ಪರದ ಮೂಲೆಯಲ್ಲಿ ಅಕ್ಷರ ಬಲ್ಲವರೊಬ್ಬರು ಕೂತು, ಯಾವ ಊರಿನವರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುವ ಪುಸ್ತಕ ಅದು. ನಾಳೆ ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೋ, ಒಂದು ಕೈ ಮೇಲೋ ಹಿಂದಿರುಗಿಸಬೇಕಲ್ಲ. ನಮ್ಮ ಅತ್ತೆ–ಮಾವನ ಮದುವೆಯ ಮುಯ್ಯಿ ಪುಸ್ತಕ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ನಾಲ್ಕು ಮೂಲೆಗೂ ಅರಿಶಿನ. ಒಳಗೆ ಸಿರಿಗೆರೆ, ಅನಗೋಡು, ಜಗಳೂರು, ಹೊಳಲ್ಕೆರೆ ಎಂದು ಊರುಗಳು, ಪ್ರತಿ ಊರಿನ ಕೆಳಗೆ ಇಂಥವರ ಮಗ ಇಂಥವರು ಎಂದು ಹೆಸರುಗಳು, ಎದುರಿಗೆ ಎರಡು ರೂಪಾಯಿ, ಒಂದು ಕುಪ್ಪಸ, ಒಂದು ಹಿತ್ತಾಳೆ ಚೊಂಬು. ನಮ್ಮ ಬಳಗ ಎಲ್ಲೆಲ್ಲಿ ಹರಡಿತ್ತು ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಕಾಗದದಲ್ಲೂ ನನಗೆ ಸಿಕ್ಕಿಲ್ಲ.

ನಿಧಾನವಾಗಿ ಓದಿ, ಅರ್ಥ ಮಾಡಿಕೊಂಡು, ಆಮೇಲೆ ಒಳ್ಳೆಯ ನೋಟ್‌ಬುಕ್ಕಿಗೆ ಇಳಿಸೋಣ ಎಂದು ಅದನ್ನು ಪಡಸಾಲೆಯ ಮಂಚದ ಮೇಲಿಟ್ಟೆ. ಒಲೆಯ ಮೇಲೆ ಹಾಲಿತ್ತು, ಒಳಗೆ ಹೋದೆ. ಕೆಂಚನಿಗೆ ಆಗ ಐದಾರು ತಿಂಗಳು. ಹಾಲುಹಲ್ಲು ಉದುರಿ ಗಟ್ಟಿ ಹಲ್ಲು ಬರುವ ವಯಸ್ಸು. ಒಸಡು ಕಡಿಯುತ್ತಿರುತ್ತದೆ, ಸಿಕ್ಕಿದ್ದನ್ನು ಅಗಿಯದೆ ಇರಲು ಮರಿಗಳಿಗೆ ಆಗುವುದಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಪುಸ್ತಕ ತುಳಸಿಕಟ್ಟೆಯ ಹಿಂದಿತ್ತು. ನಡುವಿನ ಹಾಳೆಗಳು ಚೂರುಚೂರಾಗಿದ್ದವು, ಕೆಲವನ್ನು ನುಂಗಿಯೂ ಆಗಿತ್ತು. ಕೈಗೆ ಸಿಕ್ಕಿದ ಕಡ್ಡಿಯಿಂದ ಅವನಿಗೆ ಹೊಡೆದೆ. ಅವನು ಮಂಚದ ಕೆಳಗೆ ಸೇರಿದವನು ಸಂಜೆಯ ತನಕ ಹೊರಗೆ ಬರಲಿಲ್ಲ. ಆ ಏಟು ಈಗಲೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಅಗಿಯುವ ಮರಿಯ ಎತ್ತರಕ್ಕೆ ಅರವತ್ತು ವರ್ಷದ ಕಾಗದ ಇಟ್ಟು ಹೋದವಳು ನಾನು.

ಈಗ ಯಾರ ಮನೆಯಲ್ಲಿ ಯಾವ ಕಾಗದ ಕೈಗೆ ಬಂದರೂ ಮೊದಲ ಕೆಲಸ ಫೋಟೊ. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ. ರಟ್ಟಿನಿಂದ ಶುರು ಮಾಡಿ ಖಾಲಿ ಹಾಳೆಯನ್ನೂ ಬಿಡದೆ, ಪುಟದ ನಾಲ್ಕು ಅಂಚೂ ಕಾಣುವಂತೆ. ಕೊನೆಯಲ್ಲಿ ಒಂದು ಚೀಟಿಯ ಮೇಲೆ ಯಾರ ಮನೆ, ಯಾವ ತಾರೀಕು ಎಂದು ಬರೆದು ಅದನ್ನೂ ಒಂದು ಫೋಟೊ ತೆಗೆಯುತ್ತೇನೆ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಓದುವುದು ಆಮೇಲೆ. ಕೆಂಚನಿಗೆ ಹಳೆ ಪಂಚೆಯನ್ನು ಹುರಿ ಮಾಡಿ ಗಂಟು ಹಾಕಿ ಕೊಟ್ಟೆ, ಬೇಸಿಗೆಯಲ್ಲಿ ತಣ್ಣಗಿನ ಕ್ಯಾರೆಟ್. ಮರಿ ಸಾಕುವವರು ಇದನ್ನು ಮೊದಲ ವಾರವೇ ಮಾಡಬೇಕು.

2. ಹರಿದ ಪುಟ ಇನ್ನೊಂದು ಮನೆಯಲ್ಲಿ ಇರಬಹುದು

ಪುಸ್ತಕದ ಗತಿಯನ್ನು ಅತ್ತೆಗೆ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರಿಗೆ ಎಂಬತ್ತು ದಾಟಿದೆ, ಅದು ಅವರ ಮದುವೆಯ ಪುಸ್ತಕ. ಕೊನೆಗೆ ಚೂರುಗಳನ್ನು ಮೊರದಲ್ಲಿಟ್ಟುಕೊಂಡು ಅವರ ಮುಂದೆ ಕೂತೆ. ಅತ್ತೆ ಒಂದೊಂದೇ ಚೂರು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ, "ಮುಯ್ಯಿ ಅಂದ್ರೆ ಕೊಟ್ಟು ತಗಳದು ಕಣಮ್ಮ. ನಮ್ಮ ಪುಸ್ತಕ ಹರಿದ್ರೇನಾತು, ಅವ್ರ ಮನೆ ಪುಸ್ತಕದಾಗೆ ನಮ್ಮ ಹೆಸ್ರು ಇರಲ್ವಾ?" ಎಂದರು.

ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆತನದ ಕಾಗದ ನಮ್ಮ ಮನೆಯಲ್ಲೇ ಇರುತ್ತದೆ ಎಂದು ನಂಬಿ ಅಟ್ಟ, ಟ್ರಂಕು, ದೇವರಮನೆಯ ಗೂಡು ಎಲ್ಲವನ್ನೂ ಜಾಲಾಡಿದ್ದೆ, ಬೀಗರ ಮನೆಯ ಬಾಗಿಲು ಮಾತ್ರ ತಟ್ಟಿರಲಿಲ್ಲ. ಅತ್ತೆಯ ನೆನಪಿನ ಪ್ರಕಾರ ಯಾವ ಯಾವ ಊರಿನವರ ಮದುವೆಗೆ ನಮ್ಮವರು ಹೋಗಿದ್ದರೋ ಪಟ್ಟಿ ಮಾಡಿಕೊಂಡು ಹೊರಟೆವು. ಕೆಲವರ ಮನೆಯಲ್ಲಿ ಪುಸ್ತಕ ಗೆದ್ದಲಿಗೆ ಹೋಗಿತ್ತು. ಕೆಲವರು ಹೊಸ ಮನೆ ಕಟ್ಟುವಾಗ ಹಳೆ ಕಾಗದವನ್ನೆಲ್ಲ ಸುಟ್ಟಿದ್ದರು. ಇನ್ನು ಕೆಲವರು ಇದೆ ಎಂದು ಟ್ರಂಕು ತೆರೆದರು.

ಹೊಳಲ್ಕೆರೆ ಕಡೆಯ ಒಂದು ಮನೆಯ ಪುಸ್ತಕದಲ್ಲಿ ನಮ್ಮ ಮಾವನ ತಂದೆಯ ಹೆಸರಿತ್ತು. ಹೆಸರಿನ ಹಿಂದೆ ಜಗಳೂರು ಸೀಮೆಯ ಒಂದು ಹಳ್ಳಿಯ ಹೆಸರೂ, ಮುಂದೆ 'ಹಾಲಿ ಭರಮಸಾಗರ' ಎಂದೂ ಬರೆದಿತ್ತು. ನಮ್ಮವರು ಆ ಹಳ್ಳಿಯಿಂದ ಇಲ್ಲಿಗೆ ಬಂದವರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯೋಚಿಸಿದರೆ ಸರಿಯಾಗಿಯೇ ಇದೆ. ನಮ್ಮ ಪುಸ್ತಕದಲ್ಲಿ ನಮ್ಮ ಊರನ್ನು ನಾವು ಯಾಕೆ ಬರೆದುಕೊಳ್ಳುತ್ತೇವೆ? ನಾವು ಯಾರು, ಎಲ್ಲಿಯವರು ಎಂದು ಬರೆದಿಡುವ ಅಗತ್ಯ ಬೀಳುವುದು ನಮ್ಮನ್ನು ಹೊರಗಿನಿಂದ ನೋಡುವವರಿಗೆ. ಕೆಂಚ ಆ ಹಾಳೆಗಳನ್ನು ಹರಿಯದೆ ಇದ್ದಿದ್ದರೆ ನಾನು ಆ ಮನೆಗೆ ಹೋಗುತ್ತಿರಲಿಲ್ಲ. ಹಾಗೆಂದು ಹರಿದದ್ದು ಒಳ್ಳೆಯದಾಯಿತು ಎನ್ನಲಾರೆ. ಸಿಕ್ಕ ಹೆಸರುಗಳಿಗಿಂತ ಕಳೆದವೇ ಹೆಚ್ಚು.

3. ಕಡತದ ಧೂಳನ್ನು ಒರೆಸಬೇಡಿ

ನಾಯಿ ಹರಿದದ್ದಕ್ಕಿಂತ ದೊಡ್ಡ ನಷ್ಟ ನನ್ನ ಕೈಯಿಂದಲೇ ಆಯಿತು. ನಮ್ಮ ಮಾವನ ತಂದೆ ಹತ್ತಿ ವ್ಯಾಪಾರ ಮಾಡುತ್ತಿದ್ದರಂತೆ. ಅವರ ಲೆಕ್ಕದ ಕಡತ ಒಂದು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪಗೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕವೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರೂ ವ್ಯಾಪಾರಿಗಳೂ ಕಾಗದ ಸುಲಭವಾಗುವ ತನಕ ಇದನ್ನೇ ಬಳಸಿದ್ದು.

ಬೂದು ಬಣ್ಣದ ಧೂಳು ಕೂತಿದೆ ಎಂದುಕೊಂಡು ಒದ್ದೆ ಬಟ್ಟೆಯಿಂದ ಒಂದು ಮಗ್ಗುಲು ಒರೆಸಿದೆ. ಬಟ್ಟೆಗೆ ಬಂದದ್ದು ಧೂಳಷ್ಟೇ ಅಲ್ಲ, ಅಕ್ಷರ. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದದ್ದನ್ನು ಒರೆಸಿದರೆ ಏನಾಗುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಸ್ಲೇಟು ಹಿಡಿಸಿದ ನನಗೆ ಗೊತ್ತಿರಬೇಕಿತ್ತು. ಎರಡು ಮಡಿಕೆ ಪೂರ್ತಿ ಹೋದವು. ಉಳಿದ ಮಡಿಕೆಗಳನ್ನು ಮಗ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆದ. ಹಾಗೆ ತೆಗೆದಾಗ ಕಣ್ಣಿಗೆ ಕಾಣದಿದ್ದ ಅಂಕೆಗಳೂ ಒಂದಷ್ಟು ಎದ್ದು ಬಂದವು.

ನಿಮ್ಮ ಮನೆಯಲ್ಲಿ ಕಡತ ಇದ್ದರೆ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಮಡಿಕೆಯನ್ನು ಬಲವಂತವಾಗಿ ಬಿಚ್ಚಬೇಡಿ. ಒಣ ಕೈಯಲ್ಲಿ ಅಂಚು ಮಾತ್ರ ಹಿಡಿಯಿರಿ.

4. ನಾಯಿ ಕರೆದುಕೊಂಡು ಹೋದ ಓಣಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಬೆಳೆದ ಮೇಲೆ ಕೆಂಚ ಕಾಗದದ ಗೊಡವೆ ಬಿಟ್ಟು ಚಪ್ಪಲಿಯ ಹಿಂದೆ ಬಿದ್ದ. ನಮ್ಮ ಮನೆಯದನ್ನು ಮುಟ್ಟುವುದಿಲ್ಲ. ಬೇರೆಯವರ ಅಂಗಳದಿಂದ ಒಂದೇ ಒಂದು ಕಾಲಿನದನ್ನು ಕಚ್ಚಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಡುತ್ತಾನೆ. ಬೆಳಗಾದರೆ ಅದು ಯಾರದೆಂದು ಕೇಳುತ್ತ ಓಣಿ ಸುತ್ತುವುದು ನನ್ನ ಕೆಲಸವಾಯಿತು. ಮೊದಮೊದಲು ಚಪ್ಪಲಿ ಕೊಟ್ಟು, ತಪ್ಪಾಯಿತು ಎಂದು ಹೇಳಿ, ತಲೆ ತಗ್ಗಿಸಿಕೊಂಡು ಬಂದುಬಿಡುತ್ತಿದ್ದೆ.

ಒಮ್ಮೆ ಅಗಸೆಬಾಗಿಲ ಕಡೆಯ ಒಬ್ಬ ಅಜ್ಜನ ಚಪ್ಪಲಿ ಹಿಂತಿರುಗಿಸಲು ಹೋದೆ. ಟೈರಿನ ಅಟ್ಟೆ ಹಾಕಿಸಿದ ಹಳೆಯ ಮೆಟ್ಟು. ಅಜ್ಜ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟು, "ಯಾರ ಮನೆ ಸೊಸೆಯಮ್ಮ ನೀನು?" ಎಂದು ಕೇಳಿದರು. ಹೇಳಿದೆ. "ಓ, ಹತ್ತಿ ಸಾಹುಕಾರ್ರ ಮನೆ. ನಿಮ್ಮ ಮಾವನ ಅಪ್ಪ ಕೆರೆ ಏರಿ ಮೇಲೆ ಗಾಡಿ ಸಾಲು ನಿಲ್ಲಿಸ್ತಿದ್ರು ಕಣವ್ವ, ನಾವು ಹುಡುಗ್ರು ಹಿಂದಿನಿಂದ ಹತ್ತಿ ಕೀಳ್ತಿದ್ವಿ" ಎಂದು ಶುರು ಮಾಡಿದರು. ಆ ಹೊತ್ತಿಗೆ ನನ್ನ ಕೈಯಲ್ಲಿ ಪುಸ್ತಕವೂ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಅದಕ್ಕೇ ಇರಬೇಕು, ಅಜ್ಜ ಅಷ್ಟು ಸಲೀಸಾಗಿ ಹೇಳಿದ್ದು. ಅದಕ್ಕೆ ಮೊದಲು ನಾನು ಪೆನ್ನು, ನೋಟ್‌ಬುಕ್ಕು, ರೆಕಾರ್ಡಿಂಗ್ ಫೋನು ಎಲ್ಲ ಇಟ್ಟುಕೊಂಡು ಕೂತ ಮನೆಗಳಲ್ಲಿ ಹಿರಿಯರು ಶಾಲಾ ತನಿಖೆಗೆ ಸಿಕ್ಕ ಮಕ್ಕಳ ಹಾಗೆ ನೆಟ್ಟಗೆ ಕೂತು, ಹೌದು, ಇಲ್ಲ ಎಂದಷ್ಟೇ ಉತ್ತರ ಕೊಡುತ್ತಿದ್ದರು.

ಈಗ ಬೆಳಿಗ್ಗೆ ಕೆಂಚನನ್ನು ಕರೆದುಕೊಂಡು ಕೆರೆಯ ಕಡೆ ಹೊರಡುತ್ತೇನೆ. ಊರಿಗೂ ಕೆರೆಗೂ ಹೆಸರು ಬಂದದ್ದು 1689ರಿಂದ 1721ರ ತನಕ ಚಿತ್ರದುರ್ಗವನ್ನು ಆಳಿದ ಭರಮಣ್ಣ ನಾಯಕನಿಂದ. ಎಷ್ಟೋ ವರ್ಷ ಒಣಗಿ ಬಿರಿದಿದ್ದ ಈ ಕೆರೆಯಂಗಳಕ್ಕೆ ಈಚೆಗೆ ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರು ಬಂದಿದೆ. ನೀರು ಬಂದ ಮೇಲೆ ವಯಸ್ಸಾದವರು ಏರಿಯ ಮೇಲೆ ಬಂದು ಕೂರುವುದು ಹೆಚ್ಚಾಗಿದೆ. ನೀರನ್ನು ನೋಡುತ್ತ ಹಳೆಯದೆಲ್ಲ ಹೇಳುತ್ತಾರೆ: ಯಾವ ವರ್ಷ ಕೋಡಿ ಬಿದ್ದಿತ್ತು, ಯಾರ ಎತ್ತು ಮುಳುಗಿತ್ತು, ಯಾರ ಮದುವೆಯ ದಿಬ್ಬಣ ಏರಿಯ ಮೇಲೆ ಬಂದಿತ್ತು. ಕೆಂಚ ಅವರ ಪಂಚೆಯ ಅಂಚು ಮೂಸಿ ಪಕ್ಕದಲ್ಲೇ ಮಲಗುತ್ತಾನೆ. ನಾನೂ ಕೂರುತ್ತೇನೆ. ಬರೆಯುವುದೇನಿದ್ದರೂ ಮನೆಗೆ ಬಂದ ಮೇಲೆ, ಕಾಫಿಗಿಂತ ಮೊದಲು, ಅವರ ಮಾತಿನಲ್ಲೇ.

5. ಇಸವಿ ಕೇಳಬೇಡಿ, ಬರ ಕೇಳಿ

"ನಿಮ್ಮ ಅಜ್ಜ ಯಾವ ಇಸವಿಯಲ್ಲಿ ತೀರಿಕೊಂಡರು?" ಎಂದು ಕೇಳಿದರೆ ಯಾರೂ ಹೇಳಲಾರರು. "ಮಾರಿಕಣಿವೆ ಕೋಡಿ ಬಿದ್ದಾಗ ಇದ್ದರಾ?" ಎಂದರೆ ಕೂಡಲೇ ಉತ್ತರ ಬರುತ್ತದೆ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಹಾಗಾಗಿ ನಮ್ಮ ಜಿಲ್ಲೆಯ ಹಿಂದಿನ ತಲೆಮಾರಿಗೆ ಅದು ಗಟ್ಟಿ ಗುರುತು. ಮೈಸೂರು ಸೀಮೆಗೆ ಪ್ಲೇಗು ಬಂದದ್ದು 1898ರಲ್ಲಿ, ಇನ್‌ಫ್ಲುಯೆಂಜಾ 1918ರಲ್ಲಿ. ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ಬಹಳ ಮನೆಗಳಲ್ಲಿ ಉಳಿದಿದೆ.

ಎಲ್ಲಕ್ಕಿಂತ ಆಳವಾಗಿ ಕೂತಿರುವುದು ಧಾತು–ಈಶ್ವರ ಸಂವತ್ಸರಗಳ ಬರ, 1876ರಿಂದ 78ರದ್ದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ಎಷ್ಟೋ ವಂಶಾವಳಿಗಳು ಅಲ್ಲಿಂದ ಹಿಂದಕ್ಕೆ ಹೋಗದೆ ನಿಂತುಬಿಡುವುದಕ್ಕೆ ಈ ಎರಡು ಅಂಕಿಗಳೇ ಕಾರಣ ಹೇಳುತ್ತವೆ.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ನಮ್ಮ ಮನೆಯ ಹಿರಿಯರೊಬ್ಬರು 'ಧಾತು ಸಂವತ್ಸರ'ದಲ್ಲಿ ಹೋದರು ಎಂದು ಒಬ್ಬ ದೊಡ್ಡಮ್ಮ ಹೇಳಿದ್ದರು. ಧಾತು ಎಂದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಬರ. 1876 ಎಂದು ಬರೆದು, ಬರದಲ್ಲಿ ತೀರಿಕೊಂಡರು ಎಂದು ಕಾರಣವನ್ನೂ ಸೇರಿಸಿ, ನಂಟರಿಗೆಲ್ಲ ಹೇಳಿಕೊಂಡು ಬಂದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1936ರಲ್ಲೂ ಧಾತು ಇತ್ತು. ಅವರ ಕೊನೆಯ ಮಗಳು ಶಾಲೆಗೆ ಸೇರಿದ ದಾಖಲೆ ಸಿಕ್ಕಿದಾಗ ಅವರು ಬರದಲ್ಲಿ ಸತ್ತಿರಲು ಸಾಧ್ಯವೇ ಇಲ್ಲವೆಂದು ಗೊತ್ತಾಯಿತು. ಒಬ್ಬರ ಸಾವಿಗೆ ಇಲ್ಲದ ಹಸಿವನ್ನು ನಾನು ಅಂಟಿಸಿದ್ದೆ. ಮನೆ ಮನೆಗೆ ಹೋಗಿ ತಿದ್ದಿಸಿದೆ. ಈಗ ಸಂವತ್ಸರದ ಹೆಸರು ಬಂದರೆ ಅದರ ಜೊತೆಗೆ ಮಕ್ಕಳ ವಯಸ್ಸು, ಆಗ ಮನೆಯಲ್ಲಿದ್ದ ಇನ್ನೊಬ್ಬರ ವಯಸ್ಸು ಎರಡನ್ನೂ ಕೇಳುತ್ತೇನೆ.

ಶಾಲೆಯ ದಾಖಲಾತಿ ರಿಜಿಸ್ಟರಿನ ಬಗ್ಗೆ ಒಂದು ಮಾತು. ಹಿಂದೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಜೂನ್ 1 ಎಂದು ಬರೆದು ಸೇರಿಸಿಕೊಳ್ಳುತ್ತಿದ್ದರು. ಮನೆಯ ನಾಲ್ವರಿಗೂ ಜೂನ್ 1 ಇದ್ದರೆ ದಿನವನ್ನು ಬಿಡಿ, ವರ್ಷವನ್ನೂ ಒಂದೆರಡು ವರ್ಷ ಹಿಂದೆ ಮುಂದೆ ಎಂದೇ ತಿಳಿಯಿರಿ. ಜನನ–ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕಿಂತ ಹಿಂದಿನವರಿಗೆ ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಇಷ್ಟೇ ಆಧಾರ.

6. ಹೆಳವರು ಬಂದ ದಿನ ನಾಯಿಯನ್ನು ಕಟ್ಟಿ, ನಾವೂ ಸುಮ್ಮನಿರಬೇಕು

ವಂಶದ ಹೆಸರುಗಳನ್ನು ಹೇಳುವುದನ್ನೇ ಕುಲವೃತ್ತಿ ಮಾಡಿಕೊಂಡವರು ನಮ್ಮ ನಾಡಿನ ಹೆಳವರು. ಸುಗ್ಗಿ ಮುಗಿದ ಮೇಲೆ, ಗಂಟೆ ಕಟ್ಟಿದ ಎತ್ತಿನೊಂದಿಗೆ ಒಕ್ಕಲು ಮನೆಗಳಿಗೆ ಬಂದು, ಮೂಲಪುರುಷನಿಂದ ಹಿಡಿದು ಮನೆಯ ಗಂಡುಮಕ್ಕಳ ಹೆಸರನ್ನು ಸಾಲಾಗಿ ಹಾಡಿ, ಕಾಳುಕಡಿ, ಬಟ್ಟೆ, ಪಾತ್ರೆ ಪಡೆದು ಹೋಗುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಮನೆಯ ಚರಿತ್ರೆ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ. ಅವರು ಬರುವುದು ಕೆಲವು ವರ್ಷಗಳಿಗೊಮ್ಮೆ. ತಪ್ಪಿದರೆ ತಪ್ಪಿತು.

ಅವರು ನಮ್ಮ ಮನೆಯ ಮುಂದೆ ಬಂದು ನಿಂತಾಗ ಕೆಂಚ ಗಂಟೆಯ ಸದ್ದಿಗೆ ಬೆದರಿ ಎತ್ತಿನ ಕಾಲಿಗೆ ನುಗ್ಗಿದ. ಎತ್ತು ಹಿಮ್ಮೆಟ್ಟಿ ಹೆಗಲ ಮೇಲಿನ ಗಂಟುಗಳೆಲ್ಲ ಜಾರಿದವು. ಬಂದವರು ಎತ್ತನ್ನು ಸಮಾಧಾನ ಮಾಡುತ್ತ ನಿಂತರು, ಮುಖದಲ್ಲಿ ಬೇಸರ. ನಾಯಿಯನ್ನು ಹಿತ್ತಲಲ್ಲಿ ಕಟ್ಟಿ ಬಂದು, ಕೈಮುಗಿದು ಚಾಪೆ ಹಾಸಿ ಕೂರಿಸಿದೆ. ಅವರು ಹೇಳಲು ಶುರು ಮಾಡಿದರು. ಎರಡನೇ ತಲೆಮಾರಿಗೆ ಬರುವಷ್ಟರಲ್ಲಿ ನಾನು ಬಾಯಿ ಹಾಕಿದೆ, "ಅವರಿಗಿಂತ ಇವರು ದೊಡ್ಡವರಲ್ಲವೇ?" ಎಂದು. ಅವರು ನಿಲ್ಲಿಸಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಇನ್ನೊಮ್ಮೆ ತಡೆದೆ. ಹಾಡಿನ ಓಟದ ಮೇಲೆ ನಿಂತಿರುವ ನೆನಪನ್ನು ನಡುವೆ ಕಡಿದರೆ ಅದು ಮುಂದಕ್ಕೆ ಹೋಗುವುದಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಮೂರನೆಯ ಸಲ ಅವರು ಚಿಕ್ಕದು ಮಾಡಿ ಮುಗಿಸಿಬಿಟ್ಟರು.

ಅತ್ತೆ ಮಾತ್ರ ಸರಿಯಾಗಿ ನಡೆದುಕೊಂಡರು. ಮೊರದ ತುಂಬ ಜೋಳ, ಒಂದು ಪಂಚೆ, ಹಿತ್ತಾಳೆ ತಟ್ಟೆ ಕೊಟ್ಟು, "ಮುಂದಿನ ಸಲ ಬಂದಾಗ ಎರಡು ದಿನ ಇರಬೇಕಪ್ಪ, ಇವಳು ಕಲೀತಾಳೆ" ಎಂದರು. ಅವರು ಮತ್ತೆ ಬಂದಾಗ ನಾನು ಒಂದು ಮಾತೂ ಆಡಲಿಲ್ಲ. ಅನುಮತಿ ಕೇಳಿ ಧ್ವನಿ ಮುದ್ರಿಸಿಕೊಂಡೆ, ಪ್ರಶ್ನೆಗಳನ್ನು ಊಟದ ನಂತರಕ್ಕೆ ಇಟ್ಟುಕೊಂಡೆ. ಅವರಿಗೆ ಕೊಡುವುದನ್ನು ದಾನ ಎನ್ನಬಾರದು. ಇಷ್ಟು ತಲೆಮಾರುಗಳ ಹೆಸರನ್ನು ಕಾಯ್ದದ್ದಕ್ಕೆ ಅದು ಕೂಲಿಯೂ ಗೌರವವೂ ಹೌದು, ಮತ್ತು ನಾವು ಕೊಡುತ್ತಿರುವುದು ಬಹಳ ಕಡಿಮೆ. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲಿ. ಆ ಪುಸ್ತಕಗಳನ್ನು ಅವರ ಒಪ್ಪಿಗೆಯಿಂದ, ಅವರ ಹೆಸರಿನಲ್ಲಿ ಉಳಿಸುವ ಕೆಲಸಕ್ಕೆ ಊರೂರಿನವರು ಕೈಜೋಡಿಸಬೇಕು.

7. ಆಸ್ತಿಗಲ್ಲ ಎಂದು ಬಾಗಿಲಲ್ಲೇ ಹೇಳಿ

ನಮ್ಮಲ್ಲಿ ವಂಶವೃಕ್ಷ ಎಂದರೆ ಜನರಿಗೆ ನೆನಪಾಗುವುದು ನಾಡಕಚೇರಿ. ಪೌತಿ ಖಾತೆ ಮಾಡಿಸಲು, ಪಾಲು ಮಾಡಿಕೊಳ್ಳಲು ಬೇಕಾದ ಕಾಗದ ಅದು. ನಾನು ಒಬ್ಬ ದಾಯಾದಿ ಚಿಕ್ಕಪ್ಪನ ಮನೆಗೆ ಪಹಣಿಯ ನಕಲು ಹಿಡಿದುಕೊಂಡೇ ಹೋದೆ, ಸರ್ವೆ ನಂಬರಿನ ಮೂಲಕ ಹಿಂದಿನ ಹೆಸರು ಕೇಳೋಣ ಎಂದು. ಅವರು ಕಾಫಿಯನ್ನೂ ಕೊಡಲಿಲ್ಲ. ವಾರದೊಳಗೆ ಊರಿನಲ್ಲಿ ಸುದ್ದಿ ಹಬ್ಬಿತು, ಇವರು ಕೋರ್ಟಿಗೆ ಹೋಗುತ್ತಾರಂತೆ ಎಂದು. ಆ ಮನೆಯವರೊಂದಿಗೆ ಮಾತು ಸರಿಹೋಗಲು ಒಂದು ಮದುವೆ, ಒಂದು ಸಾವು ಎರಡೂ ಬೇಕಾದವು.

ಕಚೇರಿಯ ದಾಖಲೆ ಬೇಡ ಎಂದು ನಾನು ಹೇಳುವುದಿಲ್ಲ. ಮೈಸೂರು ಸಂಸ್ಥಾನದ ರೆವಿನ್ಯೂ ಸರ್ವೆ 1863ರಲ್ಲಿ ಶುರುವಾದದ್ದೇ ನಮ್ಮ ಚಿತ್ರದುರ್ಗ ಜಿಲ್ಲೆಯಿಂದ. ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ರಿಜಿಸ್ಟರುಗಳಲ್ಲಿ ಅಜ್ಜಂದಿರ ಹೆಸರು ಸಿಗುತ್ತದೆ. 1974ರ ಭೂಸುಧಾರಣೆಯ ಫಾರಂ 7ರ ಕಡತಗಳಲ್ಲಿ ಗೇಣಿದಾರರು, ಸಾಕ್ಷಿಗಳು ಹೇಳಿದ ಮಾತುಗಳೇ ಇರುತ್ತವೆ. ಓದಿದರೆ ಮನುಷ್ಯರು ಎದುರು ನಿಂತ ಹಾಗಾಗುತ್ತದೆ. ಜಗಳೂರು, ಹರಿಹರ, ದಾವಣಗೆರೆ ಕಡೆಯ ಬೇರು ಹುಡುಕುವವರು 1997ಕ್ಕೆ ಮೊದಲು ಅವೆಲ್ಲ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು ಎಂಬುದನ್ನು ಮರೆಯಬಾರದು. ಆದರೆ ಇದೆಲ್ಲ ಕೊನೆಗೆ. ಮೊದಲು ಮನೆಯ ಬಾಗಿಲಲ್ಲಿ, ಚಪ್ಪಲಿ ಬಿಡುವ ಮುಂಚೆಯೇ, "ಜಮೀನಿನ ವಿಚಾರಕ್ಕೆ ಬಂದಿಲ್ಲ ಚಿಕ್ಕಪ್ಪ, ಮಕ್ಕಳಿಗೆ ಹಿರಿಯರ ಹೆಸರು ಗೊತ್ತಾಗಲಿ ಅಂತ ಬಂದೆ" ಎಂದು ಹೇಳಿಬಿಡಬೇಕು. ಮತ್ತು ಹಾಗೆ ನಡೆದುಕೊಳ್ಳಬೇಕು. ಬರೆದದ್ದರಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ನಾನು ಈಗ ಸೇರಿಸುವುದಿಲ್ಲ.

8. ಹೆಣ್ಣುಮಕ್ಕಳಿಗೆ ಪೂರ್ತಿ ಸಾಲು ಬಿಡಿ

ನನ್ನ ಮೊದಲ ನಕ್ಷೆಯನ್ನು ಗೋಡೆಗೆ ಅಂಟಿಸಿ ಹೆಮ್ಮೆಯಿಂದ ನೋಡುತ್ತಿದ್ದಾಗ ಮಗಳು, "ಇದರಲ್ಲಿ ನೀನೆಲ್ಲಿದ್ದೀಯಮ್ಮ?" ಎಂದು ಕೇಳಿದಳು. ಗಂಡನ ಹೆಸರಿನ ಪಕ್ಕದಲ್ಲಿ ಗೆರೆಯೊಂದಿತ್ತು, ಅಷ್ಟೆ. ಅತ್ತೆಯೂ ಇರಲಿಲ್ಲ. ಬರೆಯುವವಳು ಹೆಂಗಸಾಗಿದ್ದೂ ಹೆಂಗಸರನ್ನು ಬಿಟ್ಟಿದ್ದೆ. ಹೆಳವರ ಹಾಡಿನಲ್ಲಿ ಗಂಡುಸಾಲು, ಪಹಣಿಯಲ್ಲಿ ಗಂಡುಸಾಲು, ಅದನ್ನೇ ನಕಲು ಮಾಡಿದೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಹೆಸರಿನಲ್ಲಿ ಸಮಪಾಲು ಕೊಡಲು ಯಾವ ಕಾಯ್ದೆಯೂ ಬೇಕಿರಲಿಲ್ಲ.

ಎರಡನೇ ನಕ್ಷೆಯಲ್ಲಿ ಪ್ರತಿ ಸೊಸೆಯ ಹೆಸರು, ಅವಳ ತವರೂರು, ತಂದೆ–ತಾಯಿ, ಕೊಟ್ಟ ಹೆಣ್ಣುಮಕ್ಕಳ ಗಂಡನ ಊರು ಎಲ್ಲವನ್ನೂ ಕೇಳಿ ಬರೆದೆ. ಇದು ಬಹಳ ಕಷ್ಟದ ಕೆಲಸ, ಯಾಕೆಂದರೆ ಮದುವೆಯ ದಿನ ಹೆಸರು ಬದಲಾಯಿಸುವ ಪದ್ಧತಿ ಹಲವು ಮನೆಗಳಲ್ಲಿತ್ತು. ಒಬ್ಬ ಮುತ್ತಜ್ಜಿಗೆ ಮೂರು ಹೆಸರು ಸಿಕ್ಕಿವೆ. ಮೂರೂ ಒಬ್ಬರವೇ ಎಂದು ಹೇಳಿದ್ದು ಅವರ ತವರಿನ ಮುಯ್ಯಿ ಪುಸ್ತಕ.

ನನ್ನ ತವರಿನ ಹಿರಿಯರ ಹಳ್ಳಿ ಮಾರಿಕಣಿವೆಯ ಹಿನ್ನೀರಿನಡಿ ಹೋಗಿದೆ. ಅಣೆಕಟ್ಟೆ ಮುಗಿದದ್ದು 1907ರಲ್ಲಿ. ಅಲ್ಲಿಂದ ಎದ್ದು ಬಂದವರು ಒಂದೊಂದು ಕಡೆ ನೆಲೆ ನಿಂತರು. ಹೀಗೆ ಚದುರಿದವರನ್ನು ಮತ್ತೆ ಜೋಡಿಸುವ ದಾರಿ ಹೆಣ್ಣುಮಕ್ಕಳದೇ. ಗಂಡಸರು ಹೊಸ ಊರಿನವರಾಗಿಬಿಟ್ಟರು. ಹೆಣ್ಣುಮಕ್ಕಳು ಮಾತ್ರ ಬಾಣಂತನಕ್ಕೆ, ಹಬ್ಬಕ್ಕೆ, ಉಡಿ ತುಂಬಿಸಿಕೊಳ್ಳಲು ಇನ್ನೊಂದು ಊರಿಗೆ ಹೋಗಿ ಬರುತ್ತಲೇ ಇದ್ದರು. ಯಾವ ದೇವರಿಗೆ ನಡೆದುಕೊಳ್ಳುತ್ತೇವೆ, ಮನೆದೇವರ ಗುಡಿ ಈಗ ಎಲ್ಲಿದೆ ಎಂದು ಹೇಳಿದ್ದೂ ಅವರೇ.

9. ನಾಯಿಗೂ ಒಂದು ಪುಟ

ನಮ್ಮ ಹಳೆಯ ಫೋಟೊಗಳಲ್ಲಿ ನಾಯಿಗಳಿವೆ. ಅಂಗಳದಲ್ಲಿ ತೆಗೆದ ಮದುವೆ ಗುಂಪಿನ ಮೂಲೆಯಲ್ಲಿ ಒಂದು, ಕಣದಲ್ಲಿ ರಾಶಿಯ ಪಕ್ಕ ಇನ್ನೊಂದು. ಹೆಸರು ಯಾರಿಗೂ ನೆನಪಿಲ್ಲ. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ಮಾತ್ರ ನಾಡಿಗೇ ಗೊತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ 949–50. ಗಂಗರ ಬೂತುಗನ ಕಡೆಯ ಮಣಲೆರನ ಬೇಟೆನಾಯಿ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಶೈವ ಪೂಜಾರಿ, ಊಟ ಮಾಡಬಾರದೆಂದು ಕಟ್ಟಳೆ ಬರೆಸಿದರು. ಚೋಳರ ಮೇಲಿನ ತಕ್ಕೋಲದ ಯುದ್ಧದ ಸುದ್ದಿ ಇರುವುದೂ ಅದೇ ಕಲ್ಲಿನಲ್ಲಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕೆಂಚನ ಪುಟದಲ್ಲಿ ಅಂಥದ್ದೇನಿಲ್ಲ. ಸಿಕ್ಕಿದ ಜಾಗ, ಅಂದಾಜು ವಯಸ್ಸು, ಮರಿಯಾಗಿದ್ದಾಗ ಹಾಕಿಸಿದ ಪಾರ್ವೊ ಲಸಿಕೆ, ವರ್ಷವರ್ಷದ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ತಾರೀಕು, ಹಿಂದಿರುಗಿಸಿದ ಚಪ್ಪಲಿಗಳ ಮನೆಗಳು. ಮೊದಲ ವರ್ಷ ತಾರೀಕು ಬರೆದಿಡದೆ ಚುಚ್ಚುಮದ್ದು ತಪ್ಪಿಹೋಗಿತ್ತು. ಅದೇ ಸಮಯದಲ್ಲಿ ಪಕ್ಕದ ಮನೆಯ ಹುಡುಗನ ಕೈಗೆ ಕೆಂಚನ ಹಲ್ಲು ತಾಗಿತು. ಕಾಲು ಗಂಟೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಹುಡುಗನಿಗೆ ಪೂರ್ತಿ ಚುಚ್ಚುಮದ್ದು ಕೊಡಿಸಿದೆವು. ಏನೂ ಆಗಲಿಲ್ಲ, ಆದರೆ ಆ ತಾಯಿಯ ಮುಖವನ್ನು ನೋಡಿದ ಮೇಲೆ ತಾರೀಕು ಮರೆತಿಲ್ಲ. ಕೆರೆಯಂಗಳಕ್ಕೆ ಹೋಗಿ ಬಂದ ದಿನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು ಹುಡುಕುವುದೂ ಅಷ್ಟೇ ಮುಖ್ಯ.

10. ಒಂದೇ ಪ್ರತಿಯನ್ನು ಒಂದೇ ಮನೆಯಲ್ಲಿ ಇಡಬೇಡಿ

ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಪುಟದ ಬಲಗಡೆ ಮೂರು ಬೆರಳು ಜಾಗ ಬಿಟ್ಟು, ಬಳಗದ ಪ್ರತಿ ಮನೆಗೂ ಒಂದೊಂದು ಕೊಡುತ್ತೇನೆ. ಕೊಡುವುದಕ್ಕೆ ಒಳ್ಳೆಯ ದಿನ ಮಹಾಲಯ ಅಮಾವಾಸ್ಯೆಯ ಆಸುಪಾಸು, ಹಿರಿಯರಿಗೆ ಎಡೆ ಇಡುವಾಗ ಎಲ್ಲರೂ ಒಂದೆಡೆ ಸೇರಿರುತ್ತಾರೆ. ಹೆಸರು ಹೇಳಿ ಎಡೆ ಇಡುವ ಹೊತ್ತಿನಲ್ಲಿ, "ಇದು ತಪ್ಪು, ಅವರು ಎರಡನೆಯವರು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಬಿಟ್ಟ ಜಾಗದಲ್ಲಿ ಅವರಿಂದಲೇ ಬರೆಸುತ್ತೇನೆ, ಅವರ ಅಕ್ಷರದಲ್ಲಿ. ಮುಂದಿನ ವರ್ಷದ ಪ್ರತಿ ಅದರಿಂದ ತಿದ್ದುಪಡಿಯಾಗುತ್ತದೆ.

ನಮ್ಮ ಹರಿದ ಹಾಳೆಗಳಲ್ಲಿ ಅನಗೋಡಿನ ಪಟ್ಟಿ ಪೂರ್ತಿ ಹೋಗಿದೆ, ಸಿರಿಗೆರೆಯದು ಅರ್ಧ. ಅನಗೋಡು, ಸಿರಿಗೆರೆ, ಜಗಳೂರು ಕಡೆಯ ಯಾರ ಮನೆಯ ಅಟ್ಟದಲ್ಲಾದರೂ 1950–60ರ ಸುಮಾರಿನ ಮುಯ್ಯಿ ಪುಸ್ತಕ ಇದ್ದರೆ ಒಮ್ಮೆ ಕೆಳಗಿಳಿಸಿ, ಭರಮಸಾಗರ ಎಂದು ಬರೆದಿರುವ ಪುಟ ನೋಡಿ. ಅದರಲ್ಲಿರುವವರು ನಮ್ಮವರಲ್ಲದಿದ್ದರೆ ಓಣಿಯಲ್ಲಿ ಇನ್ನೊಬ್ಬರ ಹಿರಿಯರಾಗಿರುತ್ತಾರೆ. ಅವರ ಮನೆಗೆ ನಾನೇ ತಲುಪಿಸುತ್ತೇನೆ.